ಕಾಡು, ಹೊಳೆ, ಕಾಲುವೆ: ಹಕ್ಕಿ ನೋಡಲು ಹೋಗುವುದು ಹೇಗೆ?

ಹಕ್ಕಿ ನೋಡಲು ಹೊರಟ ಹೊಸಬರು ಸುಮ್ನೆ ಜಾಸ್ತಿ ನಡೆಯುತ್ತಾರೆ. ಒಂದಿಷ್ಟು ಕಾಡು, ಅದರಾಚೆ ಹೊಳೆ, ವಾಪಸ್ ಬರಲು ಕಾಲುವೆ ಏರಿ ಸಿಕ್ಕಿದರೆ ಎರಡು ಮೂರು ಕಿಲೋಮೀಟರ್ ಧಾರಾಳವಾಯಿತು. ಅಷ್ಟಕ್ಕೇ ಮೂರು ಗಂಟೆ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಹೊತ್ತು ನಿಂತೇ ಇರುತ್ತೀರಿ.

ಬೈನಾಕ್ಯುಲರ್ ಮೇಲೆ 8×42 ಎಂದಿದ್ದರೆ, ಅದು 8 ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದರ್ಥ. 10 ಪಟ್ಟಿನದು ಇನ್ನೂ ದೊಡ್ಡದಾಗಿ ತೋರಿಸುತ್ತದೆ, ಜೊತೆಗೆ ಕೈ ನಡುಕವನ್ನೂ! ಎಲೆಗಳ ನಡುವೆ ಚಡಪಡಿಸುವ ಹಕ್ಕಿಗೆ 8 ಪಟ್ಟಿನದೇ ವಾಸಿ. ಹೊರಡುವ ಮುಂಚೆ ಅದನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಚಿತ್ರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಬಳೆಯನ್ನಷ್ಟೇ ತಿರುಗಿಸಿ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಗೆ ಇಳಿಸಿಕೊಳ್ಳಬೇಕು. ಹಕ್ಕಿ ಕಂಡಾಗ ಅದರ ಮೇಲಿನ ದೃಷ್ಟಿ ಕೀಳದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಸೂರ್ಯನ ಕಡೆಗೆ ಮಾತ್ರ ಯಾವತ್ತೂ ತಿರುಗಿಸಬೇಡಿ.

ಮೊದಲು ಕಾಡು. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ, ಹಾಡು ಜೋರಾಗಿರುವುದು ಆಗಲೇ. ಇಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಒಂದು ಕಡೆ ಹತ್ತು ನಿಮಿಷ ಮಾತಿಲ್ಲದೆ ನಿಲ್ಲಿ. ಬಹಳ ಹೊತ್ತು ಏನೂ ಇಲ್ಲದೆ, ಇದ್ದಕ್ಕಿದ್ದಂತೆ ಮರದ ತುಂಬಾ ಹಕ್ಕಿಗಳಾಗುವುದುಂಟು. ಬೇರೆ ಬೇರೆ ಜಾತಿಯ ಸಣ್ಣ ಹಕ್ಕಿಗಳು ಒಟ್ಟಾಗಿ ಮೇಯುತ್ತಾ ಸಾಗುವ ಗುಂಪು ಅದು. ಗುಂಪಿನಲ್ಲಿ ಕಣ್ಣು ಹೆಚ್ಚಿದ್ದಷ್ಟೂ ಅವಕ್ಕೆ ಗಿಡುಗ ಬೇಗ ಕಾಣುತ್ತದೆ, ಅಲ್ವಾ? ಮೊದಲ ಹಕ್ಕಿಯ ಹಿಂದೆ ಓಡಬೇಡಿ, ಗುಂಪು ಪೂರ್ತಿ ಹಾದುಹೋಗಲಿ. ಮರಕುಟಿಗ ನಿಮ್ಮನ್ನು ಕಂಡರೆ ಕಾಂಡದ ಹಿಂದಕ್ಕೆ ಸರಿಯುತ್ತದೆ. ಅಲ್ಲಾಡದೆ ನಿಂತರೆ ಸ್ವಲ್ಪ ಹೊತ್ತಿಗೆ, ಇನ್ನೂ ಮೇಲಿನಿಂದ ಇಣುಕಬಹುದು.

ಹೊಳೆಯ ಹತ್ತಿರ ಬೆಳಕು ನಿಮ್ಮ ಬೆನ್ನಿಗಿರಲಿ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಪ್ಪೇ. ಬಕ ಹಾರುವಾಗ ಕತ್ತು ಮಡಚಿಕೊಳ್ಳುತ್ತದೆ, ಕೊಕ್ಕರೆ ಚಾಚಿಕೊಂಡೇ ಹಾರುತ್ತದೆ. ದೂರದಿಂದಲೇ ಗುರುತಿಸಲು ಇಷ್ಟು ಸಾಕು. ಬಂಡೆ ಮೇಲೆ ರೆಕ್ಕೆ ಹರಡಿ ಕೂತದ್ದು ಹೆಚ್ಚಾಗಿ ನೀರುಕಾಗೆ. ಮುಳುಗಿದಾಗ ಅದರ ಪುಕ್ಕ ನೆನೆಯುತ್ತದೆ, ಒಣಗಿಸಿಕೊಳ್ಳಲೇಬೇಕು.

ಮಿಂಚುಳ್ಳಿ ಬೇಕೆಂದರೆ ಮೊದಲು ಕೊಂಬೆ ಹುಡುಕಿ. ನೀರಿನ ಮೇಲೆ ಬಾಗಿದ, ಕೆಳಗೆ ಬಿಳಿ ಹಿಕ್ಕೆಯ ಕಲೆಗಳಿರುವ ಕೊಂಬೆ ಸಿಕ್ಕರೆ ದೂರದಲ್ಲೇ ಕೂತುಬಿಡಿ. ಕೀರಲು ಸಿಳ್ಳೆ ಕೇಳುತ್ತದೆ, ನೀರಿಗೆ ತಾಗುವಷ್ಟು ಕೆಳಗೆ ನೀಲಿ ಗೆರೆಯೊಂದು ನೇರ ಬರುತ್ತದೆ. ಕೂತ ಮೇಲೆ ತಲೆಯನ್ನು ಮೇಲೆ ಕೆಳಗೆ ಆಡಿಸಿ ದೂರ ಅಳೆದು, ದುಮುಕುತ್ತದೆ. ಮೀನನ್ನು ಕೊಂಬೆಗೆ ಬಡಿದು ಸುಮ್ಮನಾಗಿಸಿ, ತಿರುಗಿಸಿಕೊಂಡು ತಲೆ ಕಡೆಯಿಂದ ನುಂಗುತ್ತದೆ. ಬಾಲದ ಕಡೆಯಿಂದ ನುಂಗಿದರೆ ಈಜುರೆಕ್ಕೆ, ಪೊರೆ ಗಂಟಲಿಗೆ ಚುಚ್ಚುತ್ತವೆ. ಸಾಮಾನ್ಯ ಮಿಂಚುಳ್ಳಿಯಾದರೆ ಕೊಕ್ಕು ನೋಡಿ: ಕೆಳಭಾಗ ಕೆಂಪಗಿದ್ದರೆ ಹೆಣ್ಣು, ಪೂರ್ತಿ ಕಪ್ಪಾದರೆ ಗಂಡು.

ಕಾಲುವೆ ನೇರ. ನಿಮಗೆ ದೂರದ ಹಕ್ಕಿ ಕಾಣುವಂತೆ ಅದಕ್ಕೂ ನೀವು ಕಾಣುತ್ತೀರಿ. ಹಾಗಾಗಿ ಏರಿ ಹತ್ತಿದ ತಕ್ಷಣ ನಡೆಯದೆ, ಎರಡೂ ದಡವನ್ನು ಬೈನಾಕ್ಯುಲರ್‌ನಲ್ಲಿ ನೋಡಿ ಮುಗಿಸಿ. ಎದ್ದ ಹಕ್ಕಿ ಸ್ವಲ್ಪ ಮುಂದೆ ಕೂರುತ್ತದೆ, ನೀವು ಹತ್ತಿರವಾದರೆ ಮತ್ತೆ ಏಳುತ್ತದೆ. ಅಟ್ಟಿಕೊಂಡು ಹೋಗಬೇಡಿ, ನಿಂತರೆ ಅದೇ ಸುತ್ತು ಹಾಕಿ ಹಿಂದಕ್ಕೆ ಬರಬಹುದು. ತೂಬು, ಸೇತುವೆಗಳ ಬಳಿ ಬಾಲ ಕುಣಿಸುವ ಸಿಪಿಲೆ ಹುಡುಕಿ. ಫೋಟೊಗೆಂದು ಕಾಂಕ್ರೀಟ್ ಇಳಿಜಾರಿಗೆ ಮಾತ್ರ ಇಳಿಯಬೇಡಿ, ಪಾಚಿ ಕಟ್ಟಿದ್ದರೆ ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ಗುರುತು ಸಿಗದ ಹಕ್ಕಿಯ ಗಾತ್ರ, ಕೊಕ್ಕು, ಬಾಲ, ಏನು ಮಾಡುತ್ತಿತ್ತು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಆಮೇಲೆ ಪುಸ್ತಕ ತೆರೆಯಿರಿ. ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಸೂಚಿಸುತ್ತದೆ, ಆದರೆ ಹಕ್ಕಿಯನ್ನು ಕಣ್ಣಾರೆ ಕಾಣದೆ ಪಟ್ಟಿಗೆ ಸೇರಿಸಲು ನನಗಂತೂ ಮನಸ್ಸಾಗದು. ಹಕ್ಕಿ ನೋಡುವವರ ಪಟ್ಟಿಗಳನ್ನು ಒಟ್ಟುಗೂಡಿಸುವ, 2002ರಲ್ಲಿ ಶುರುವಾದ ಇ-ಬರ್ಡ್ ಜಾಲತಾಣಕ್ಕೆ ಪಟ್ಟಿ ಕಳಿಸುವುದಾದರೆ ಸಮಯ, ನಡೆದ ದೂರ, ಹಕ್ಕಿಗಳ ಸಂಖ್ಯೆಯೂ ಬೇಕು.

ಮೊಬೈಲ್‌ನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವ ಚಾಳಿ ಬೇಡ. ಎದುರಾಳಿ ಬಂತೆಂದು ಅದು ಮೇವು ಬಿಟ್ಟು ಬರುತ್ತದೆ. ಕೊಕ್ಕಿನಲ್ಲಿ ಹುಳ ಹಿಡಿದ ಹಕ್ಕಿ ಎಲ್ಲೂ ಇಳಿಯದೆ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಕೂಗುತ್ತಿದೆಯೇ? ಗೂಡು ನಿಮ್ಮ ಹತ್ತಿರದಲ್ಲೇ ಇದೆ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.