ಸೀಟಿ ಊದಿದ ಮೇಲಿನ ಹತ್ತು ಸೆಕೆಂಡು

ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದರೆ ಮೈದಾನದಲ್ಲಿ ಗೋಲಿನ ಮುಂದಿನ ಜಾಗ ನಾಟಿ ಗದ್ದೆಯ ಹಾಗೆ ಆಗಿಬಿಡುತ್ತದೆ. ಹೋದ ಮಳೆಗಾಲದ ಅಂಥದ್ದೇ ಒಂದು ಸಂಜೆ ಮಕ್ಕಳ ಫುಟ್‌ಬಾಲ್ ಪಂದ್ಯವಿತ್ತು. ನಮ್ಮ ಹುಡುಗನೊಬ್ಬ ಜಾರಿಕೊಂಡು ಬಂದು ಎದುರಿನವನ ಕಾಲಿಗೆ ಹೊಡೆದ. ರೆಫ್ರಿ ಸೀಟಿ ಊದಿದರು. ‘ಸರ್, ಬಾಲ್‌ಗೇ ಹೊಡ್ದಿದ್ದು ಸರ್’ ಅಂತ ಕೂಗುತ್ತಾ ಇವನು ರೆಫ್ರಿ ಹಿಂದೆ ಓಡಿದ. ಬಿದ್ದವನು ಕೆಸರಲ್ಲೇ ಕೂತು ಮೊಣಕಾಲು ಒತ್ತಿ ಹಿಡಿದಿದ್ದ. ನಮ್ಮ ಕಡೆಯವರು ಒಬ್ಬರೂ ಅವನತ್ತ ತಿರುಗಿ ನೋಡಲಿಲ್ಲ.

ನಮ್ಮ ಹುಡುಗ ಕೆಟ್ಟವನಲ್ಲ. ಅವನಿಗೆ ನಾನು ಪಾಸ್ ಕೊಡುವುದನ್ನು ನೂರು ಸಲ ಮಾಡಿಸಿದ್ದೆ. ಸೀಟಿ ಊದಿದ ಮೇಲೆ ಏನು ಮಾಡಬೇಕು ಅನ್ನುವುದನ್ನು ಒಂದು ಸಲವೂ ಮಾಡಿಸಿರಲಿಲ್ಲ. ಅದನ್ನೂ ಮೈದಾನದಲ್ಲಿ ಮಾಡಿಸಿಯೇ ಕಲಿಸಬೇಕು ಎಂದು ಅವತ್ತು ಗೊತ್ತಾಯಿತು. ಮಕ್ಕಳ ತಂಡ ಕಟ್ಟುತ್ತಿರುವ ಪಿ.ಟಿ. ಮೇಷ್ಟ್ರುಗಳಿಗೆ, ಕೋಚ್‌ಗಳಿಗೆ, ಅಪ್ಪ-ಅಮ್ಮಂದಿರಿಗೆ ನಾವು ಈಗ ಮಾಡುತ್ತಿರುವುದನ್ನು ಹೇಳುತ್ತೇನೆ.

ಮೂರೇ ನಿಯಮ ಸಾಕು

ಉದ್ದದ ಪಟ್ಟಿ ಮಾಡಬೇಡಿ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅವರ ಬಾಯಿಂದಲೇ ಹೇಳಿಸಿ. ನಮ್ಮವರು ಒಪ್ಪಿಕೊಂಡಿದ್ದು ಇಷ್ಟು: ಸೀಟಿ ಕೇಳಿದರೆ ನಿಲ್ಲಬೇಕು, ಯಾರಾದರೂ ಬಿದ್ದಿದ್ದರೆ ಮೊದಲು ಅವರನ್ನು ನೋಡಬೇಕು, ರೆಫ್ರಿ ಹತ್ತಿರ ಕ್ಯಾಪ್ಟನ್ ಮಾತ್ರ ಮಾತಾಡಬೇಕು. ಕೊನೆಯದು ದೊಡ್ಡವರ ಆಟದಲ್ಲೂ ಬಂದಿದೆ. 2024ರ ಯೂರೋ ಕಪ್‌ನಲ್ಲಿ ರೆಫ್ರಿಯ ತೀರ್ಮಾನದ ಬಗ್ಗೆ ಕೇಳಲು ಕ್ಯಾಪ್ಟನ್ ಒಬ್ಬರಿಗೇ ಅವಕಾಶವಿತ್ತು.

ಸೀಟಿ ಅಭ್ಯಾಸ

ವಾರಕ್ಕೊಂದು ದಿನ ಆರಾರು ಜನರ ಎರಡು ತಂಡ ಮಾಡಿ, ಹದಿನೈದು ನಿಮಿಷ ಆಡಿಸಿ. ಸೀಟಿ ನಿಮ್ಮ ಕೈಯಲ್ಲಿರಲಿ. ‘ಇವತ್ತು ಬೇಕೆಂದೇ ಎರಡು ಮೂರು ತಪ್ಪು ತೀರ್ಪು ಕೊಡ್ತೀನಿ’ ಎಂದು ಮೊದಲೇ ಹೇಳಿಬಿಡಿ. ಸೀಟಿ ಊದಿದ ಕೂಡಲೇ ಗಟ್ಟಿಯಾಗಿ ಹತ್ತರವರೆಗೆ ಎಣಿಸಿ. ಅಷ್ಟರೊಳಗೆ ಚೆಂಡು ನೆಲದ ಮೇಲಿರಬೇಕು, ಎಲ್ಲರೂ ತಂತಮ್ಮ ಜಾಗಕ್ಕೆ ಹೋಗಿರಬೇಕು. ಮೊದಲ ವಾರ ಮುಖ ಊದಿಸಿಕೊಂಡು ನಿಲ್ಲುತ್ತಾರೆ. ಎರಡನೇ ವಾರ ಓಡುತ್ತಾರೆ. ಆಮೇಲೆ ಎಣಿಸುವುದೇ ಬೇಡ.

ಯಾಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ನಾನು ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕತೆ ಹೇಳುತ್ತೇನೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ಲೀಗಿನ ನಾಕೌಟ್ ಪಂದ್ಯ, ಸೋತವರು ಹೊರಗೆ. ಎದುರಿನವರು ಚೆಂಡು ತಡೆಯಲು ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಕೇರಳದವರು ಜಗಳಕ್ಕೆ ನಿಂತರು, ಕೊನೆಗೆ ಮೈದಾನ ಬಿಟ್ಟೇ ಹೋದರು. ಬೆಂಗಳೂರು ಗೆದ್ದಿತು. ಕೇರಳ ತಂಡಕ್ಕೆ ಭಾರತದ ಫುಟ್‌ಬಾಲ್ ಫೆಡರೇಷನ್ 4 ಕೋಟಿ ರೂಪಾಯಿ ದಂಡ ಹಾಕಿತು. ಆ ಗೋಲು ಸರಿಯೋ ತಪ್ಪೋ ಎಂದು ಮಕ್ಕಳು ಇವತ್ತಿಗೂ ವಾದ ಮಾಡುತ್ತಾರೆ, ಮಾಡಲಿ. ಮೈದಾನ ಬಿಟ್ಟು ಹೋಗಿ ಏನು ಸಿಕ್ಕಿತು ಎಂದು ಕೇಳಿದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ.

ರೆಫ್ರಿಗೆ ಎದುರು ಮಾತಾಡಿದರೆ ಹಳದಿ ಕಾರ್ಡ್. ಒಂದೇ ಪಂದ್ಯದಲ್ಲಿ ಒಬ್ಬರಿಗೇ ಎರಡು ಹಳದಿ ಸೇರಿದರೆ ಕೆಂಪು, ಉಳಿದ ಆಟಕ್ಕೆ ನಿಮ್ಮ ಕಡೆ ಒಬ್ಬರು ಕಡಿಮೆ. 2018ರ ವಿಶ್ವಕಪ್‌ನಲ್ಲಿ ಜಪಾನ್ ಮತ್ತು ಸೆನೆಗಲ್ ಅಂಕದಲ್ಲಿ, ಗೋಲಿನಲ್ಲಿ ಎಲ್ಲದರಲ್ಲೂ ಸಮ ಇದ್ದವು. ಜಪಾನ್‌ಗೆ 4 ಹಳದಿ ಕಾರ್ಡ್, ಸೆನೆಗಲ್‌ಗೆ 6. ಜಪಾನ್ ಮುಂದಿನ ಸುತ್ತಿಗೆ ಹೋಯಿತು, ಸೆನೆಗಲ್ ಮನೆಗೆ ಹೋಯಿತು. ಇದನ್ನು ಹೇಳಿದ ದಿನ ಮಕ್ಕಳ ಕಣ್ಣು ನೋಡಬೇಕು!

ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಇನ್ನೊಂದಿದೆ. ಸೀಟಿಯನ್ನು ಮಕ್ಕಳ ಕೈಗೇ ಕೊಡಿ. ಒಬ್ಬೊಬ್ಬರೂ ಹತ್ತು ನಿಮಿಷ ರೆಫ್ರಿ ಆಗಲಿ. ರೆಫ್ರಿ ಹಿಂದೆ ಕೂಗುತ್ತಾ ಓಡಿದ್ದ ಅದೇ ಹುಡುಗನಿಗೆ ಕೊಟ್ಟೆ. ಐದು ನಿಮಿಷಕ್ಕೆ ಬೆವರಿಳಿಸಿಕೊಂಡು ಬಂದ. ‘ಸರ್, ಕಾಲು ಅಡ್ಡ ಬಂದ್ರೆ ಏನೂ ಕಾಣಲ್ಲ ಸರ್’ ಅಂದ.

ಯಾರಾದರೂ ಬಿದ್ದಾಗ

ಬೀಳಿಸಿದವನೇ ಮೊದಲು ಹೋಗಬೇಕು. ‘ಪೆಟ್ಟಾಯ್ತೇನೋ?’ ಅಂದರೆ ಸಾಕು, ಭಾಷಣ ಬೇಡ. ಕೈ ಕೊಟ್ಟು ಎಬ್ಬಿಸಲಿ. ಆದರೆ ತಲೆಗೋ ಕುತ್ತಿಗೆಗೋ ಪೆಟ್ಟಾಗಿದ್ದರೆ ಮುಟ್ಟಬಾರದು, ಕೈ ಎತ್ತಿ ದೊಡ್ಡವರನ್ನು ಕರೆಯಬೇಕು. ತಲೆಗೆ ಪೆಟ್ಟಾದ ಮಗುವನ್ನು ಅವತ್ತು ಮತ್ತೆ ಆಡಿಸಲೇಬೇಡಿ, ‘ನಾನು ಸರಿ ಇದ್ದೀನಿ’ ಅಂದರೂ ಕೂಡ.

ಆರು ಗೋಲು ಮುಂದಿದ್ದಾಗ

ಸೋತಾಗ ಹೇಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ತುಂಬಾ ಗೆಲ್ಲುತ್ತಿರುವಾಗ ಹೇಗಿರಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ, ಅಲ್ವಾ? ಆಟ ನಿಲ್ಲಿಸಿದ ಹಾಗೆ ಸುಮ್ನೆ ನಡೆದಾಡಿದರೆ ಎದುರಿನ ಮಕ್ಕಳಿಗೆ ಅದೇ ಜಾಸ್ತಿ ಅವಮಾನ. ಅದಕ್ಕೆ ನಾವು ನಮ್ಮವರಿಗೇ ಕಷ್ಟ ಕೊಡುತ್ತೇವೆ. ಬಲಗಾಲಿನವರು ಎಡಗಾಲಿನಲ್ಲೇ ಹೊಡೆಯಬೇಕು, ಏಳು ಪಾಸ್ ಆಗದೆ ಗೋಲಿಗೆ ಹೊಡೆಯುವಂತಿಲ್ಲ, ಹಿಂದೆ ಆಡುವವರು ಮುಂದೆ ಬರಬೇಕು. ಬೆಂಚಿನಲ್ಲಿ ಕೂತವರನ್ನು ಮೊದಲು ಇಳಿಸಿ. ಎದುರಿನವರಿಗೆ ಇದು ಗೊತ್ತಾಗುವಂತೆ ಕೂಗಿ ಹೇಳಬೇಡಿ, ಹಾಫ್‌ಟೈಮ್‌ನಲ್ಲಿ ಮೆಲ್ಲಗೆ ಹೇಳಿ. ಆರನೇ ಗೋಲಿಗೆ ಕುಣಿತ ಬೇಡ, ಗೋಲು ಹೊಡೆದವನ ಬೆನ್ನು ತಟ್ಟಿ ವಾಪಸು ಬಂದರಾಯಿತು.

ಗೆರೆಯಾಚೆ ನಿಂತವರಿಗೆ

ಅಪ್ಪ-ಅಮ್ಮಂದಿರೇ, ಇದು ನಿಮಗೆ. ಮಕ್ಕಳು ಚೆಂಡು ಕಾಲಲ್ಲಿಟ್ಟುಕೊಂಡು ನಿಮ್ಮ ಮುಖ ನೋಡುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ. ‘ಹೊಡಿಯೋ’ ಎಂದು ಒಬ್ಬರು, ‘ಪಾಸ್ ಕೊಡೋ’ ಎಂದು ಇನ್ನೊಬ್ಬರು ಕೂಗಿದರೆ ಆ ಮಗು ಏನು ಮಾಡಬೇಕು? ಕೋಚ್ ನಿಂತ ಬದಿ ಬಿಟ್ಟು ಎದುರು ಬದಿಯಲ್ಲಿ ನಿಲ್ಲಿ. ಎರಡೂ ತಂಡದ ಒಳ್ಳೆಯ ಆಟಕ್ಕೆ ಚಪ್ಪಾಳೆ ಹೊಡೆಯಿರಿ. ರೆಫ್ರಿಯನ್ನು ಬೈಯಬೇಡಿ. ಊರಿನ ಮಕ್ಕಳ ಪಂದ್ಯಕ್ಕೆ ಬರುವ ರೆಫ್ರಿ ಎಷ್ಟೋ ಸಲ ಹತ್ತೊಂಬತ್ತು ಇಪ್ಪತ್ತರ ಹುಡುಗ ಅಥವಾ ಹುಡುಗಿ. ಇವತ್ತು ಬೈದು ಕಳಿಸಿದರೆ ಮುಂದಿನ ವರ್ಷ ಅವರು ಬರುವುದಿಲ್ಲ.

ಆಟ ಮುಗಿದ ಮೇಲೆ

ಸಾಲಾಗಿ ಹೋಗಿ ಎದುರು ತಂಡದವರ ಕೈ ಕುಲುಕಬೇಕು, ಮುಖ ನೋಡಿ. ರೆಫ್ರಿಗೆ ಥ್ಯಾಂಕ್ಸ್ ಹೇಳಬೇಕು. ನೀರಿನ ಬಾಟಲಿ, ಕಿತ್ತಳೆ ಸಿಪ್ಪೆ ಎಲ್ಲ ಆರಿಸಿ ಚೀಲಕ್ಕೆ ಹಾಕಿಯೇ ಹೊರಡಬೇಕು. ಬೈಕಿನ ಹಿಂದೆ ಕೂತ ಮಗುವಿನ ಹತ್ತಿರ ದಾರಿಯುದ್ದಕ್ಕೂ ಪಂದ್ಯದ ತಪ್ಪು ಎಣಿಸಬೇಡಿ. ಹಸಿವಾಗಿದೆಯಾ ಎಂದು ಕೇಳಿ. ಆಟದ ಮಾತು ಅವರಾಗಿಯೇ ತೆಗೆದರೆ ಕೇಳಿಸಿಕೊಳ್ಳಿ.