ಮನೆಯವರು ಊರಲ್ಲಿಲ್ಲದಾಗ: ನಾಯಿ ಬೆಕ್ಕುಗಳನ್ನು ನೋಡಿಕೊಳ್ಳುವ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ನೆಲೆಸಿ, ತಂದೆತಾಯಿ ಇಬ್ಬರೇ ಉಳಿದಿರುವ ಮನೆಗಳು ಬಹಳ. ಮಗಳ ಬಾಣಂತನ, ಕಣ್ಣಿನ ಆಪರೇಷನ್, ಹತ್ತಿರದವರ ಮದುವೆ ಎಂದು ಅವರು ಬೀಗ ಹಾಕಿ ಹೊರಡಬೇಕಾದಾಗ ಮೊದಲು ಎದುರಾಗುವ ಪ್ರಶ್ನೆ ಮನೆಯ ನಾಯಿಯದ್ದು ಅಥವಾ ಬೆಕ್ಕಿನದ್ದು. ಹಿಂದೆ ಪಕ್ಕದ ಮನೆಯವರು ಎರಡು ಹೊತ್ತು ಅನ್ನ ಹಾಕಿ ನೋಡಿಕೊಳ್ಳುತ್ತಿದ್ದರು. ಈಗ ಆ ಮನೆಗೂ ಎಷ್ಟೋ ಸಲ ಬೀಗ ಬಿದ್ದಿರುತ್ತದೆ. ಅಂಥ ಮನೆಗಳಿಗೆ ಹೋಗಿ ಅವರ ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ.

ಪ್ರಾಣಿಗಳನ್ನು ನನ್ನ ಮನೆಗೆ ಕರೆತರುವುದಿಲ್ಲ. ನಾಯಿ ಹೊಸ ಜಾಗಕ್ಕೆ ಹೇಗೋ ಒಗ್ಗಿಕೊಳ್ಳಬಹುದು, ಆದರೆ ಜಾಗ ಬದಲಾದ ಬೆಕ್ಕು ಮಂಚದ ಅಡಿ ಸೇರಿ ಅನ್ನನೀರು ಬಿಡುತ್ತದೆ, ಇಲ್ಲವೇ ಬಾಗಿಲು ತೆರೆದ ಗಳಿಗೆಯಲ್ಲಿ ತಪ್ಪಿಸಿಕೊಂಡು ತನ್ನ ಮನೆ ಹುಡುಕುತ್ತಾ ಹೋಗುತ್ತದೆ. ಬೆಕ್ಕಿದ್ದರೆ ದಿನಕ್ಕೆ ಎರಡು ಸಲ ಹೋಗಿ ಒಂದಿಷ್ಟು ಹೊತ್ತು ಕುಳಿತು ಬರುತ್ತೇನೆ. ನಾಯಿಯಿದ್ದರೆ ರಾತ್ರಿ ಅಲ್ಲಿಯೇ ಮಲಗುತ್ತೇನೆ.

ಕೆಲಸ ಒಪ್ಪಿಕೊಳ್ಳುವ ಮೊದಲು ನಾನು ಇಡುವ ಷರತ್ತು ಒಂದೇ. ಮನೆಯವರು ಇನ್ನೂ ಊರಿನಲ್ಲಿರುವಾಗಲೇ ಒಂದು ಬೆಳಗ್ಗೆ, ಒಂದು ಸಂಜೆ ನಾನು ಅಲ್ಲಿಗೆ ಹೋಗಿ ಸುಮ್ಮನೆ ಕೂರಬೇಕು. ಏನು ತಿನ್ನುತ್ತದೆ, ಯಾವಾಗ ಹೊರಗೆ ಹೋಗುತ್ತದೆ ಎಂದು ಕೇಳಿದರೆ ಎಲ್ಲರೂ ಪ್ರೀತಿಯಿಂದ ವಿವರಿಸುತ್ತಾರೆ. ಆದರೆ ದಿನಾ ಮಾಡುವ ಕೆಲಸದಲ್ಲಿ ಅರ್ಧದಷ್ಟು ಅದನ್ನು ಮಾಡುವವರ ಗಮನಕ್ಕೇ ಬಂದಿರುವುದಿಲ್ಲ, ಆದ್ದರಿಂದ ಅವರು ಹೇಳುವುದೂ ಇಲ್ಲ. ಪ್ರಾಣಿಗೆ ಮಾತ್ರ ಆ ಅರ್ಧವೇ ಮುಖ್ಯವಾಗಿರುತ್ತದೆ.

ಮಲ್ಲಂದೂರು ಕಡೆಯ ಒಂದು ತೋಟದ ಮನೆಯಲ್ಲಿ ವಯಸ್ಸಾದ ಲ್ಯಾಬ್ರಡಾರ್ ಇತ್ತು. "ನೋಡಮ್ಮ, ಅದು ಏನು ಹಾಕಿದರೂ ತಿನ್ನುತ್ತೆ, ತೊಂದರೆಯೇ ಇಲ್ಲ" ಎಂದು ಸಾಹುಕಾರರು ಹೇಳಿದರು. ಸಂಜೆ ಕುಳಿತು ನೋಡಿದೆ. ಅವರು ಅನ್ನಕ್ಕೆ ಮೊಸರು ಕಲಸಿ, ತಟ್ಟೆಯನ್ನು ಹಿಂಬಾಗಿಲ ಮೆಟ್ಟಿಲ ಪಕ್ಕ ಇಟ್ಟು, ಚಮಚದಿಂದ ತಟ್ಟೆಯ ಅಂಚನ್ನು ಎರಡು ಸಲ ಬಡಿದು, ಆಮೇಲೆ ಮೇಲಿನ ಮೆಟ್ಟಿಲ ಮೇಲೆ ಕೂತರು. ನಾಯಿ ಅವರು ಕೂರುವವರೆಗೆ ತಟ್ಟೆಗೆ ಬಾಯಿ ಹಾಕಲಿಲ್ಲ. ನಡುವೆ ಫೋನ್ ಬಂದು ಅವರು ಎದ್ದಾಗ ತಿನ್ನುವುದನ್ನು ನಿಲ್ಲಿಸಿ ಕಾದು ನಿಂತಿತು. ಇದನ್ನು ಹೇಳಿದಾಗ ಅವರಿಗೇ ಆಶ್ಚರ್ಯವಾಯಿತು. ಅವರು ಮೈಸೂರಿಗೆ ಹೋದ ಮೇಲೆ ಅದೇ ಮೆಟ್ಟಿಲು, ಅದೇ ಚಮಚ, ಅದೇ ರೀತಿ ಕೂರುವುದು ಎಂದು ನಡೆಸಿದೆ. ಮೊದಲ ರಾತ್ರಿ ಗೇಟಿನ ಕಡೆ ಮುಖ ಮಾಡಿ ಬಹಳ ಹೊತ್ತು ಮಲಗಿತ್ತಾದರೂ ಊಟ ಬಿಡಲಿಲ್ಲ. ಹೊಸಬರು ಬಂದಾಗ ನಾಯಿ ಊಟ ಬಿಟ್ಟರೆ ಅದನ್ನು ಹಟ ಎಂದು ತಿಳಿಯುವವರಿದ್ದಾರೆ. ನಾನು ಕಂಡಂತೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಹಟವಲ್ಲ, ಊಟದ ಕ್ರಮದಲ್ಲಿ ಏನೋ ಒಂದು ತಪ್ಪಿಹೋಗಿರುತ್ತದೆ.

ಪ್ರತಿ ಮನೆಗೂ ಒಂದು ನೋಟ್ ಪುಸ್ತಕ ಇಡುತ್ತೇನೆ. ಎಷ್ಟು ತಿಂದಿತು, ಎಷ್ಟು ನೀರು ಕುಡಿಯಿತು, ಮಲಮೂತ್ರ ಹೇಗಿತ್ತು ಎಂಬುದನ್ನು ಹೋದಾಗಲೆಲ್ಲ ಬರೆಯುತ್ತೇನೆ. ಬೆಕ್ಕಿನ ವಿಷಯದಲ್ಲಂತೂ ಮರಳಿನ ಟ್ರೇ ನೋಡದೆ ಏನೂ ತಿಳಿಯುವುದಿಲ್ಲ, ಏಕೆಂದರೆ ಬೆಕ್ಕು ತನ್ನ ನೋವನ್ನು ಕೊನೆಯವರೆಗೂ ಮುಚ್ಚಿಡುವ ಪ್ರಾಣಿ. ನಮ್ಮೂರಿನ ಜಯನಗರದ ಒಂದು ಮನೆಯ ಕೆಂಚು ಗಂಡು ಬೆಕ್ಕು ಒಂದು ಬೆಳಗ್ಗೆ ಮತ್ತೆ ಮತ್ತೆ ಟ್ರೇಗೆ ಹೋಗಿ, ಬೆನ್ನು ಬಾಗಿಸಿ ಕೂತು, ಸಣ್ಣಗೆ ಕೂಗಿ ಎದ್ದು ಬರುತ್ತಿತ್ತು. ಮರಳು ಪೂರ್ತಿ ಒಣಗಿತ್ತು. ಹಿಂದಿನ ಸಂಜೆಯ ಪುಟ ತೆಗೆದು ನೋಡಿದರೆ ಆಗ ಕಂಡ ಒದ್ದೆ ಗಡ್ಡೆಯೂ ಎಂದಿಗಿಂತ ಚಿಕ್ಕದೆಂದು ಬರೆದಿತ್ತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅದು ಕಟ್ಟಿಕೊಂಡರೆ ವಿಷ ರಕ್ತಕ್ಕೆ ಸೇರಿ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಬುಟ್ಟಿಯಲ್ಲಿ ಕೂರಿಸಿಕೊಂಡು ಆಗಲೇ ಪಶುವೈದ್ಯರ ಬಳಿಗೆ ಓಡಿದೆ; ಅವರು ಅರಿವಳಿಕೆ ಕೊಟ್ಟು ನಳಿಕೆ ಹಾಕಿ ಮೂತ್ರ ತೆಗೆದರು. ಮಲಬದ್ಧತೆ ಇರಬಹುದು, ಸಂಜೆಯವರೆಗೆ ನೋಡೋಣ ಎಂದು ಇಂಥ ಬೆಕ್ಕನ್ನು ಕಾಯಿಸಬಾರದು. ಹಾಗೆಯೇ ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಕೊಬ್ಬು ಯಕೃತ್ತಿಗೆ ಸೇರಿ ಅದೇ ದೊಡ್ಡ ಕಾಯಿಲೆಯಾಗುತ್ತದೆ. ಮನೆಯವರು ಬಂದ ಮೇಲೆ ತಿನ್ನುತ್ತದೆ ಎಂದು ಬಿಡುವುದು ಸರಿಯಲ್ಲ.

ಈ ಕಾರಣಕ್ಕೇ ಹೊರಡುವ ಮೊದಲು ಮನೆಯವರಿಂದ ಒಂದು ಚೀಟಿ ಬರೆಸಿಕೊಳ್ಳುತ್ತೇನೆ. ಯಾವ ವೈದ್ಯರ ಬಳಿಗೆ ಒಯ್ಯಬೇಕು, ಫೋನ್ ಸಿಗದಿದ್ದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಯಾರು, ಎಷ್ಟು ಖರ್ಚಿನವರೆಗೆ ಕೇಳದೆ ಮುಂದುವರಿಯಬಹುದು, ಅಗತ್ಯ ಬಿದ್ದರೆ ಸುಮಾರು 60 ಕಿಲೋಮೀಟರ್ ದೂರದ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಬಹುದೇ ಎಂಬುದೆಲ್ಲ ಅದರಲ್ಲಿರಬೇಕು. ಪರಿಚಯದವರ ನಡುವೆ ಇಷ್ಟು ಲೆಕ್ಕಾಚಾರವೇಕೆ ಎಂದು ಕೆಲವರಿಗೆ ಬೇಸರವಾಗುತ್ತದೆ. ಹಣ ಪಡೆಯುವುದರ ಬಗ್ಗೆಯೂ ಅಂಥದೇ ಸಂಕೋಚ ನಮ್ಮ ಕಡೆ ಇದೆ. ಆದರೆ ಒಂದು ಜೀವದ ಹೊಣೆ ಹೊತ್ತವರು ಸ್ಪಷ್ಟವಾಗಿ ಮಾತಾಡಿಕೊಳ್ಳುವುದೇ ಮರ್ಯಾದೆ ಎಂದು ನಾನು ತಿಳಿದಿದ್ದೇನೆ.

ತೋಟದ ಮನೆಗಳ ಕಾವಲು ಬೇರೆಯೇ ರೀತಿಯದು. ಕತ್ತಲಾಗುವ ಮೊದಲೇ ನಾಯಿಯನ್ನು ಒಳಗೆ ಸೇರಿಸಬೇಕು. ಚಿರತೆ ನಾಯಿಗಾಗಿಯೇ ಅಂಗಳದವರೆಗೆ ಬರುವ ಜಾಗಗಳಿವೆ. ತೋಟದ ಮೇಲ್ವಿಚಾರಣೆ ನೋಡುವ ರೈಟರ್ ಮನೆ ಎಲ್ಲಿದೆ, ಅವರ ಫೋನಿಗೆ ಎಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂಬುದನ್ನು ಹಗಲೇ ತಿಳಿದಿಟ್ಟುಕೊಳ್ಳುತ್ತೇನೆ. ಕೊಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ಎಳೆಯ ನಾಯಿಗಳಿಗೆ ಅದನ್ನು ಅಗಿಯುವ ಆಸೆ. ಕೆಫೀನ್ ನಾಯಿಗೆ ವಿಷ. ಹೊಟ್ಟೆಗೆ ಹೆಚ್ಚು ಹೋದರೆ ವಾಂತಿ, ನಡುಕ, ಎದೆಬಡಿತದ ಏರಿಕೆ ಕಾಣುತ್ತದೆ. ಆದ್ದರಿಂದ ಆ ದಿನಗಳಲ್ಲಿ ಮರಿಗಳನ್ನು ಕಣದ ಹತ್ತಿರ ಹಗ್ಗವಿಲ್ಲದೆ ಬಿಡುವುದಿಲ್ಲ.

ಮಳೆಗಾಲದಲ್ಲಿ ಪ್ರತಿ ಸುತ್ತಾಟದ ನಂತರ ಬೆರಳುಗಳ ಸಂದು, ಕಿವಿಯ ಒಳಮಡಿಕೆ, ಬಾಲದ ಬುಡ, ಕುತ್ತಿಗೆ ಪಟ್ಟಿಯ ಅಡಿ ಎಲ್ಲವನ್ನೂ ಕೈಯಾಡಿಸಿ ನೋಡುತ್ತೇನೆ. ಇಂಬಳ ರಕ್ತ ಹೀರಿ ತಾನಾಗಿ ಉದುರುತ್ತದೆ, ಅದರಿಂದ ಅಷ್ಟು ಭಯವಿಲ್ಲ, ಭಯವಿರುವುದು ಉಣುಗಿನಿಂದ. ಉಣುಗಿನ ಜ್ವರ ಹಿಡಿದ ನಾಯಿ ಮೊದಲು ಮಂಕಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವು ಸಲ ಮೂತ್ರ ಕೆಂಪಾಗುತ್ತದೆ. ಒಸಡಿನ ಮಾಮೂಲು ಬಣ್ಣ ಯಾವುದೆಂದು ಗೊತ್ತಿದ್ದರೆ ಮಾತ್ರ ಬಿಳಿಚಿದ್ದು ತಿಳಿಯುತ್ತದೆ. ಮೊದಲ ಭೇಟಿಯಲ್ಲೇ ತುಟಿ ಎತ್ತಿ ನೋಡಿಕೊಳ್ಳುವುದು ಅದಕ್ಕಾಗಿ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಇಲಿ ಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಹಾಗಾಗಿ ಲಸಿಕೆಯ ಕಾರ್ಡ್ ನೋಡದೆ ನಾನು ಯಾವ ನಾಯಿಯನ್ನೂ ಒಪ್ಪಿಕೊಳ್ಳುವುದಿಲ್ಲ. ನಾನೂ ರೇಬೀಸ್ ವಿರುದ್ಧ ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಂಡಿದ್ದೇನೆ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗುವುದು ಅದಾದ ಮೇಲೂ ತಪ್ಪುವುದಿಲ್ಲ. ಮರಿಯಿರುವ ಮನೆಗೆ ಇನ್ನೊಂದು ಮನೆಯಿಂದ ನೇರವಾಗಿ ಹೋಗುವುದಿಲ್ಲ. ಮರಿಗಳ ಪ್ರಾಣಕ್ಕೇ ಎರವಾಗುವ ಪಾರ್ವೋ ವೈರಸ್ ನೆಲದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಅಂಟಿಕೊಂಡೇ ಬರುತ್ತದೆ.

ಔಷಧಿಯ ಮಾತು ಬಂದಾಗ ಅಕ್ಕಪಕ್ಕದವರ ಸಲಹೆಯನ್ನು ವಿನಯದಿಂದಲೇ ನಿರಾಕರಿಸಬೇಕಾಗುತ್ತದೆ. ಬೆಕ್ಕಿನ ಮೈ ಬಿಸಿಯಾಗಿದೆಯೆಂದು ಅರ್ಧ ಪ್ಯಾರಸಿಟಮಾಲ್ ಕೊಡಿ ಎನ್ನುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಆ ಔಷಧಿಯನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಒಂದೇ ಮಾತ್ರೆ ಸಾವಿಗೆ ಸಾಕು. ನಾಯಿ ಬೆಕ್ಕು ಎರಡೂ ಇರುವ ಮನೆಯಲ್ಲಿ ಪರ್ಮೆಥ್ರಿನ್ ಇರುವ ಉಣುಗಿನ ಔಷಧಿಯನ್ನು ನಾಯಿಗೆ ಹಚ್ಚಿದರೆ, ಅದು ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿಡುತ್ತೇನೆ. ಬೆಕ್ಕಿಗೆ ಅದೂ ವಿಷವೇ. ಈರುಳ್ಳಿ ಹಾಕಿದ ಸಾರು, ಪಾಯಸದಲ್ಲಿನ ದ್ರಾಕ್ಷಿ, ಚಾಕೊಲೇಟ್ ಇವು ಯಾವುವೂ ನಾಯಿಯ ತಟ್ಟೆಗೆ ಬರಬಾರದು.

ದೀಪಾವಳಿಯ ಕೆಲಸ ಅತ್ಯಂತ ಕಷ್ಟದ್ದು. ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಹೊಡೆಯಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದರೂ ಸದ್ದು ಸಂಜೆಯಿಂದಲೇ ಶುರುವಾಗುತ್ತದೆ. ಬೆಳಕಿರುವಾಗಲೇ ನಾಯಿಯನ್ನು ಸುತ್ತಾಡಿಸಿ, ಊಟ ಮುಗಿಸಿ, ಬೀದಿಯ ಕಡೆ ಕಿಟಕಿಯಿಲ್ಲದ ಕೋಣೆಯಲ್ಲಿ ಹಳೆಯ ಜಮಖಾನ ಹಾಸಿ, ಫ್ಯಾನ್ ಮತ್ತು ರೇಡಿಯೊ ಹಾಕಿ ಜೊತೆಯಲ್ಲಿ ಕೂರುತ್ತೇನೆ. ಅದು ಮಂಚದ ಅಡಿ ನುಗ್ಗಿದರೆ ಎಳೆದು ಹೊರತರುವುದಿಲ್ಲ. ಹೆದರಿದ ನಾಯಿಯನ್ನು ಸವರಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತಿರ ಬಂದರೆ ಕೈಯಿಟ್ಟುಕೊಂಡೇ ಕೂರುತ್ತೇನೆ.

ದೂರದಲ್ಲಿರುವ ಮನೆಯವರಿಗೆ ದಿನಾ ಫೋಟೊ ಕಳಿಸುತ್ತೇನೆ, ಆದರೆ ನಾಯಿಯ ಮುಂದೆ ವಿಡಿಯೊ ಕಾಲ್ ಮಾಡುವುದಿಲ್ಲ. ದನಿ ಕೇಳಿದ ನಾಯಿ ಕೋಣೆಯಿಂದ ಕೋಣೆಗೆ ಅವರನ್ನು ಹುಡುಕಿ ಬಾಗಿಲಲ್ಲಿ ಅಳುತ್ತಾ ನಿಂತದ್ದನ್ನು ನೋಡಿದ್ದೇನೆ. ಆ ಸಮಾಧಾನ ಮನೆಯವರಿಗಷ್ಟೇ ಸಿಗುತ್ತದೆ.

ಅವರು ಮರಳಿ ಬಂದಾಗ ಕೀಲಿಯ ಜೊತೆ ನೋಟ್ ಪುಸ್ತಕವನ್ನೂ ಅವರ ಮನೆಯಲ್ಲಿಯೇ ಬಿಟ್ಟು ಬರುತ್ತೇನೆ. ಬೆಕ್ಕು ಒಂದೆರಡು ದಿನ ಮಾತಾಡಿಸದೆ ದೂರ ಕೂರಬಹುದು, ಸಂಭ್ರಮದಲ್ಲಿ ನಾಯಿಗೆ ಹೊಟ್ಟೆ ಸಡಿಲವಾಗಬಹುದು, ಅದು ತಾನಾಗಿ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು ಎಂದು ಹೇಳಿ ಬರುತ್ತೇನೆ. ಮುಂದಿನ ಸಲ ನನ್ನ ಬದಲು ಬೇರೆಯವರು ಬರುವಂತಾದರೆ, ಅವರು ಮೊದಲು ಓದಬೇಕಾದ ಪುಟದ ಮೂಲೆಯನ್ನು ಮಡಚಿಟ್ಟಿರುತ್ತೇನೆ.