ಲಂಡನ್ ರೇಟು ನೋಡಿ ನಾನು ಚೆರಿ ಮಾರುವುದು ಹೀಗೆ

ಸಕಲೇಶಪುರದ ಕಡೆ ನಮ್ಮದು ರೋಬಸ್ಟಾ ಕಾಫಿ ತೋಟ. ಫ್ಯೂಚರ್ಸ್‌ನಲ್ಲಿ, ಅಂದರೆ ಮುಂದಿನ ತಿಂಗಳುಗಳ ಮಾಲಿಗೆ ಇವತ್ತೇ ರೇಟು ಕಟ್ಟುವ ವ್ಯಾಪಾರದಲ್ಲಿ, ನಾನು ದುಡ್ಡು ಹಾಕುವುದಿಲ್ಲ, ಆದರೆ ಅದರ ನಾಲ್ಕೈದು ಮಾತು ತಿಳಿಯದೆ ಒಂದು ಮೂಟೆ ಚೆರಿಯನ್ನೂ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮಾರುವುದಿಲ್ಲ. ಬೆಳೆದ ಕಾಫಿಯನ್ನು ಬೋರ್ಡಿಗೇ ಕೊಟ್ಟು ಅದೇ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್ ಇದ್ದಾಗ ಬೆಳೆಗಾರರಿಗೆ ಇದು ಬೇಕಿರಲಿಲ್ಲ. 1990ರ ದಶಕದಲ್ಲಿ ಅದು ಹೋಯಿತು, ಯಾವಾಗ ಮಾರಬೇಕು ಅನ್ನುವ ಲೆಕ್ಕ ನಮ್ಮ ತಲೆಗೇ ಬಂತು.

ವ್ಯಾಪಾರಿಗಳು ಟರ್ಮಿನಲ್ ಅನ್ನುವುದು ಈ ಫ್ಯೂಚರ್ಸ್ ರೇಟಿಗೇ. ರೋಬಸ್ಟಾಗೆ ಲಂಡನ್ ಎಕ್ಸ್‌ಚೇಂಜ್, ಅರೇಬಿಕಾ ಅನ್ನುವ ಇನ್ನೊಂದು ಜಾತಿಯ ಕಾಫಿಗೆ ನ್ಯೂಯಾರ್ಕ್ ಎಕ್ಸ್‌ಚೇಂಜ್. ಲಂಡನ್‌ನಲ್ಲಿ ಒಂದು ಲಾಟ್ ಅಂದರೆ 10 ಟನ್, ರೇಟು ಟನ್ನಿಗೆ ಇಷ್ಟು ಡಾಲರ್ ಅಂತ. ನ್ಯೂಯಾರ್ಕ್‌ನಲ್ಲಿ ಲಾಟ್ 37,500 ಪೌಂಡ್, ರೇಟು ಪೌಂಡಿಗೆ ಸೆಂಟ್‌ನಲ್ಲಿ. ಎರಡೂ ಕ್ಲೀನ್ ಕಾಫಿಯ, ಅಂದರೆ ಸಿಪ್ಪೆ ತೆಗೆದ ಬೀಜದ, ರೇಟು, ನಮ್ಮ ಕಣದಲ್ಲಿ ಒಣಗುವ ಚೆರಿಯದ್ದಲ್ಲ.

ಹಾಗಾಗಿ ನಾನು ಮೊದಲು ಔಟ್‌ಟರ್ನ್ ಹಿಡಿಯುತ್ತೇನೆ. 50 ಕೆಜಿ ಚೆರಿಯಲ್ಲಿ 26 ಕೆಜಿ ಕ್ಲೀನ್ ಕಾಫಿ ಬಂದರೆ ಔಟ್‌ಟರ್ನ್ 26. ಲಂಡನ್ 4,000 ಡಾಲರ್, ಡಾಲರ್ 85 ರೂಪಾಯಿ ಅಂದುಕೊಳ್ಳಿ: ಕೆಜಿಗೆ 340, ಅದನ್ನು 26ರಿಂದ ಗುಣಿಸಿದರೆ ಮೂಟೆಗೆ 8,840 ರೂಪಾಯಿ. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವುದು), ಸಾಗಣೆ ಖರ್ಚು ಇದರಲ್ಲೇ ಕಳೆಯಬೇಕು.

ವ್ಯಾಪಾರಿ ಹೇಳುವ ರೇಟು ಇದಕ್ಕೆ ಸರಿಯಾಗಿ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಆ ವ್ಯತ್ಯಾಸವೇ ಡಿಫರೆನ್ಷಿಯಲ್. ನಮ್ಮ ಒಳ್ಳೆಯ ರೋಬಸ್ಟಾ ಪಾರ್ಚ್‌ಮೆಂಟ್‌ಗೆ (ಹಣ್ಣಿನ ಸಿಪ್ಪೆ ಮೊದಲೇ ಬಿಡಿಸಿ, ತೊಳೆದು ಒಣಗಿಸಿದ ಕಾಫಿ) ಲಂಡನ್ ರೇಟಿನ ಮೇಲೆ ಪ್ರೀಮಿಯಂ ಸಿಗುತ್ತದೆ. ಲಂಡನ್ ಏರಿದ್ದರೂ ಇಲ್ಲಿ ರೇಟು ಅಲ್ಲಾಡದಿದ್ದರೆ ಡಿಫರೆನ್ಷಿಯಲ್ ಇಳಿದಿದೆ ಅಂತಲೇ ಅರ್ಥ. ಆಗ ನಾನು ಸುಮ್ನೆ ಒಪ್ಪಿಕೊಳ್ಳದೆ ಇನ್ನಿಬ್ಬರನ್ನು ಕೇಳುತ್ತೇನೆ.

ಇನ್ನೊಂದು ಮಾತು ಹೆಡ್ಜ್. ರಫ್ತುದಾರರು ನಮ್ಮಿಂದ ಕಾಫಿ ಕೊಂಡ ದಿನವೇ ಲಂಡನ್‌ನಲ್ಲಿ ಅಷ್ಟೇ ಲಾಟ್ ಫ್ಯೂಚರ್ಸ್ ಮಾರಿಟ್ಟು (ಇದಕ್ಕೇ ಶಾರ್ಟ್ ಅನ್ನುವುದು), ಮಾಲು ಮಾರಿದಾಗ ಅದನ್ನು ವಾಪಸ್ ಕೊಂಡು ಮುಗಿಸುತ್ತಾರೆ, ರೇಟು ಬಿದ್ದರೂ ಅವರಿಗೆ ಪೆಟ್ಟಾಗಬಾರದು ಅಂತ. ಆದರೆ ರೇಟು ಒಂದೇ ಸಮನೆ ಏರಿದರೆ ಆ ಶಾರ್ಟ್‌ಗೆ ದಿನಾ ಮಾರ್ಜಿನ್ ದುಡ್ಡು, ಅಂದರೆ ಎಕ್ಸ್‌ಚೇಂಜ್‌ನಲ್ಲಿ ನಷ್ಟಕ್ಕೆ ಇಡುವ ದುಡ್ಡು, ತುಂಬಬೇಕು. 2025ರ ಫೆಬ್ರುವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತ್ತಲ್ಲ, ಅಂಥ ಹೊತ್ತಲ್ಲಿ ಕೊಳ್ಳುವವರು ಯಾಕೆ ಹಿಂಜರಿಯುತ್ತಾರೆ ಅನ್ನುವುದು ಇದರಿಂದ ತಿಳಿಯುತ್ತದೆ. ಅವರ ಕೈಯಲ್ಲಿ ದುಡ್ಡು ಕಟ್ಟಿಹೋಗಿರುತ್ತದೆ, ಅಷ್ಟೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ತಿಂಗಳುಗಳ ಲೆಕ್ಕ. ಲಂಡನ್ ರೇಟು ಒಂದೇ ಅಲ್ಲ. ಜನವರಿ, ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ನವೆಂಬರ್ ಕಾಂಟ್ರಾಕ್ಟ್‌ಗೆ ಬೇರೆ ಬೇರೆ ರೇಟು. ಮುಂದಿನ ತಿಂಗಳುಗಳ ರೇಟು ಜಾಸ್ತಿ ಇದ್ದರೆ ಕಾಂಟ್ಯಾಂಗೊ, ಕಡಿಮೆ ಇದ್ದರೆ ಬ್ಯಾಕ್‌ವರ್ಡೇಷನ್. ಕಾಂಟ್ಯಾಂಗೊ ಇದ್ದಾಗ ಬಡ್ಡಿ, ಗೋಡೌನ್ ಬಾಡಿಗೆ ಎರಡನ್ನೂ ಕಳೆದು ಏನಾದರೂ ಉಳಿಯುವಂತಿದ್ದರೆ ಚೆರಿ ಇಟ್ಟುಕೊಳ್ಳುತ್ತೇನೆ. ಬ್ಯಾಕ್‌ವರ್ಡೇಷನ್ ಇದ್ದಾಗ ಈಗಿನ ಮಾಲಿಗೇ ಬೇಡಿಕೆ, ಕಾಯುವುದಕ್ಕೆ ಮಾರುಕಟ್ಟೆ ಏನೂ ಕೊಡುವುದಿಲ್ಲ. ಆ ವರ್ಷ ಕೊಯ್ಲಿನ ಸಾಲ ತೀರುವಷ್ಟನ್ನು ಒಣಗಿದ ಕೂಡಲೇ ಮಾರಿಬಿಡುತ್ತೇನೆ.